ರಂಗಭೂಮಿ ಮತ್ತು ಶಾಲೆಯಲ್ಲಿ ಧ್ವನಿ ಹಾಗೂ ಆಡುನುಡಿಯ ತರಬೇತಿ

ದೆಹಲಿಯ ಪೂರ್ವದ ಗಡಿಗೆ ಹೊಂದಿಕೊಂಡಂತೆ ಉತ್ತರ ಪ್ರದೇಶದ ಗಾಜಿಯಾಬಾದ್ ಜಿಲ್ಲೆಯಲ್ಲಿರುವ ಇಂದಿರಾಪುರಂ ಕಳೆದ ಕೆಲವು ದಶಕಗಳಲ್ಲಿ ಬೆಳೆದು ನಿಂತ ಜನವಸತಿಯಾಗಿದೆ. ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರವು ರೂಪಿಸಿದ ಈ ಬಡಾವಣೆಯ ಬಹುಮಹಡಿ ಕಟ್ಟಡಗಳಲ್ಲಿ, ಉದ್ಯೋಗ ನಿಮಿತ್ತ ದೇಶದ ನಾನಾ ರಾಜ್ಯಗಳಿಂದ ಬಂದ ಕುಟುಂಬಗಳು ನೆಲೆಸಿವೆ. ಇವರಲ್ಲಿ ಕನ್ನಡಿಗರೂ ಇದ್ದಾರೆ. ಇಂಥ ಒಂದು ಕನ್ನಡ ಮನೆಯ ಮಗು ದಿನವೊಂದರಲ್ಲಿ ಎಷ್ಟು ಬಗೆಯ ನುಡಿಗಳ ನಡುವೆ ಸಂಚರಿಸುತ್ತದೆ ಎಂಬುದನ್ನು ಗಮನಿಸಿದರೆ ಆಶ್ಚರ್ಯವಾಗುತ್ತದೆ. ಮನೆಯಲ್ಲಿ ತಂದೆಯದು ಧಾರವಾಡದ ಕನ್ನಡವಾದರೆ ತಾಯಿಯದು ಮೈಸೂರಿನ ಕನ್ನಡ. ಶಾಲೆಯಲ್ಲಿ ಪಠ್ಯಪುಸ್ತಕದ ಹಿಂದಿ ಮತ್ತು ಇಂಗ್ಲಿಷ್. ತರಕಾರಿಯ ಗಾಡಿಯ ಬಳಿ, ಆಟದ ಬಯಲಿನಲ್ಲಿ ಪಶ್ಚಿಮ ಉತ್ತರ ಪ್ರದೇಶದ ಆಡುಮಾತು.

ಇದು ಸಂಪತ್ತೇ ಸರಿ. ಆದರೆ ಈ ಸಂಪತ್ತು ಅನೇಕ ವೇಳೆ ಮಗುವಿಗೆ ಭಾರವಾಗಿ ಪರಿಣಮಿಸುತ್ತದೆ. ಹಿಂದಿಯಲ್ಲಿ ‘ಬಾತ್’ ಎಂದರೆ ಮಾತು, ‘ಭಾತ್’ ಎಂದರೆ ಅನ್ನ. ಬಿಸಿಬೇಳೆ ಬಾತಿನ ನಾಡಿನಿಂದ ಬಂದ ಮಗು ಎರಡನ್ನೂ ಒಂದೇ ಬಗೆಯಾಗಿ ಉಚ್ಚರಿಸಿದಾಗ ತರಗತಿ ನಗುತ್ತದೆ. ಹಾಗೆ ಎರಡು ಮೂರು ಬಾರಿ ನಗೆಗೀಡಾದ ಮಗು ನಾಲ್ಕನೆಯ ಬಾರಿ ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ. ಅದೇ ಮಗು ರಜೆಯಲ್ಲಿ ಊರಿಗೆ ಹೋದಾಗ ‘ಹುಳಿ’ ಎನ್ನುವ ಕಡೆ ‘ಹುಲಿ’ ಎನ್ನುತ್ತದೆ. ಅಲ್ಲಿ ಅಜ್ಜಿ ಮನೆಯವರು ನಗುತ್ತಾರೆ. ಎರಡು ಕಡೆಗಳಲ್ಲಿಯೂ ಅಪಹಾಸ್ಯಕ್ಕೆ ಗುರಿಯಾದ ನಾಲಗೆ ಕ್ರಮೇಣ ಮೌನವನ್ನು ಆಶ್ರಯಿಸುತ್ತದೆ. ಮಾತು ಬಾರದೆ ಉಂಟಾದ ಮೌನವಲ್ಲ ಇದು; ಮಾತಿನ ಬಗ್ಗೆ ಹುಟ್ಟಿದ ನಾಚಿಕೆಯಿಂದ ಉಂಟಾದ ಮೌನ.

ಇಂಥ ಮೌನವನ್ನು ಹೋಗಲಾಡಿಸುವ ಮತ್ತು ಮಾತನ್ನು ಮತ್ತಷ್ಟು ಸಮರ್ಥಗೊಳಿಸುವ ವಿದ್ಯೆಯೊಂದು ರಂಗಭೂಮಿಯಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಧ್ವನಿ ಮತ್ತು ಆಡುನುಡಿಯ ತರಬೇತಿ ಎಂದು ಇದನ್ನು ಕರೆಯಲಾಗುತ್ತದೆ. ರಂಗಮಂದಿರದಲ್ಲಿ ನಟರಿಗೂ ಶಾಲೆಯಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ನೆರವಾಗಬಲ್ಲ ಈ ವಿದ್ಯೆಯ ಸ್ವರೂಪವನ್ನು ಇಲ್ಲಿ ಸ್ಥೂಲವಾಗಿ ಪರಿಚಯಿಸಲಾಗಿದೆ.

ತರಬೇತುದಾರರ ಕಾರ್ಯ

ಧ್ವನಿ ತರಬೇತುದಾರರ ಕೆಲಸದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಧ್ವನಿಗೆ ಸಂಬಂಧಿಸಿದ್ದು. ಉಸಿರಿನ ನಿಯಂತ್ರಣ, ಧ್ವನಿಯ ಸ್ಥಾಯಿ, ಸ್ಪಷ್ಟ ಉಚ್ಚಾರಣೆ, ಆಯಾಸವಿಲ್ಲದೆ ದೀರ್ಘಕಾಲ ಮಾತನಾಡುವ ಸಾಮರ್ಥ್ಯ ಮೊದಲಾದವು ಇದರಲ್ಲಿ ಸೇರುತ್ತವೆ. ಎರಡನೆಯದು ಆಡುನುಡಿಗೆ ಸಂಬಂಧಿಸಿದ್ದು. ಪಾತ್ರವು ಯಾವ ಊರಿನದೋ, ಯಾವ ಕಾಲದ್ದೋ, ಯಾವ ಕಸುಬಿನದೋ ಆ ನುಡಿಯನ್ನು ನಟರು ಸಹಜವಾಗಿ ಆಡುವಂತೆ ಮಾಡುವುದು ಇದರ ಉದ್ದೇಶ.

ಈ ಕಾರ್ಯವನ್ನು ವಾಕ್ ಚಿಕಿತ್ಸೆಯೊಂದಿಗೆ ಬೆರೆಸಬಾರದು. ತೊದಲು, ಶ್ರವಣದೋಷದಿಂದ ಉಂಟಾದ ಮಾತಿನ ತೊಂದರೆ, ಧ್ವನಿಪೆಟ್ಟಿಗೆಯ ಕಾಯಿಲೆ ಇವುಗಳನ್ನು ಪರೀಕ್ಷಿಸಿ ಚಿಕಿತ್ಸೆ ನೀಡುವುದು ಆ ವಿಷಯದಲ್ಲಿ ಪದವಿ ಪಡೆದ ತಜ್ಞರ ಮತ್ತು ವೈದ್ಯರ ಕೆಲಸ. ತರಬೇತುದಾರರು ಆರೋಗ್ಯವಂತ ಧ್ವನಿಯನ್ನು ಬೆಳೆಸುತ್ತಾರೆ. ರೋಗದ ಸೂಚನೆ ಕಂಡಲ್ಲಿ ತಜ್ಞರ ಬಳಿಗೆ ಕಳುಹಿಸುತ್ತಾರೆ.

ದೆಹಲಿಯ ಸುತ್ತಮುತ್ತಲಿನ ನೊಯಿಡಾ, ಗುರುಗ್ರಾಮಗಳಲ್ಲಿ ದೂರವಾಣಿ ಸೇವಾ ಕೇಂದ್ರಗಳು ಹೆಚ್ಚಿದಂತೆ ಅಲ್ಲಿನ ನೌಕರರಿಗೆ ಇಂಗ್ಲಿಷ್ ಉಚ್ಚಾರಣೆಯ ತರಬೇತಿ ನೀಡುವ ಪದ್ಧತಿಯೂ ಬಂದಿತು. ಅಲ್ಲಿನ ಗುರಿ ಊರಿನ ಛಾಯೆಯನ್ನು ಮಾತಿನಿಂದ ತೆಗೆದುಹಾಕುವುದು. ರಂಗಭೂಮಿಯ ತರಬೇತಿಯ ಗುರಿ ಇದಕ್ಕಿಂತ ಭಿನ್ನ. ಒಂದು ನುಡಿಯನ್ನು ಅಳಿಸಿ ಅದರ ಸ್ಥಾನದಲ್ಲಿ ಮತ್ತೊಂದನ್ನು ಬರೆಯುವುದು ಇದರ ಕ್ರಮವಲ್ಲ. ಇರುವ ನುಡಿಯ ಜೊತೆಗೆ ಇನ್ನೊಂದನ್ನು ಸೇರಿಸುವುದು ಇದರ ಕ್ರಮ. ಈ ವ್ಯತ್ಯಾಸವನ್ನು ಮನದಟ್ಟು ಮಾಡಿಕೊಳ್ಳುವುದು ಅತ್ಯಗತ್ಯ.

ಪ್ರಾಚೀನ ಪರಂಪರೆ

ಈ ವಿದ್ಯೆ ನಮಗೆ ಹೊಸದೇನಲ್ಲ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಇವುಗಳಲ್ಲಿ ವಾಚಿಕವು ಮಾತಿಗೆ ಸಂಬಂಧಿಸಿದ್ದು. ಧ್ವನಿಗೆ ಉರಸ್ಸು, ಕಂಠ, ಶಿರಸ್ಸು ಎಂಬ ಮೂರು ಸ್ಥಾನಗಳನ್ನು ಆ ಗ್ರಂಥವು ಹೇಳುತ್ತದೆ. ಪಕ್ಕದಲ್ಲಿರುವವರೊಡನೆ ಎದೆಯ ಸ್ಥಾನದಿಂದ, ಸ್ವಲ್ಪ ದೂರದವರೊಡನೆ ಕಂಠದಿಂದ, ಬಹುದೂರದವರೊಡನೆ ಶಿರಸ್ಸಿನಿಂದ ಮಾತನಾಡಬೇಕೆಂಬುದು ಅದರ ವಿಧಿ. ಮಾತಿಗೆ ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತ ಎಂಬ ಆರು ಅಲಂಕಾರಗಳನ್ನೂ, ಧ್ವನಿಯ ಏರಿಳಿತದಿಂದಲೇ ಅರ್ಥವನ್ನು ಬದಲಿಸುವ ‘ಕಾಕು’ವನ್ನೂ ಅದು ವಿವರಿಸುತ್ತದೆ. ‘ಅವನು ಬಂದ’ ಎಂಬ ಎರಡೇ ಪದಗಳನ್ನು ಸಂಗತಿಯಾಗಿ, ಸಂಶಯವಾಗಿ, ಸಂತೋಷವಾಗಿ, ಭಯವಾಗಿ ಹೇಳಬಹುದಷ್ಟೆ. ಇಂದಿನ ಧ್ವನಿ ತರಬೇತಿಯ ಮೊದಲ ಪಾಠಗಳೂ ಹೆಚ್ಚುಕಡಿಮೆ ಇವೇ ಆಗಿವೆ. ಕನ್ನಡದ ಪ್ರಸಿದ್ಧ ನಾಟಕಕಾರ ಶ್ರೀರಂಗರು, ಅಂದರೆ ಆದ್ಯ ರಂಗಾಚಾರ್ಯರು, ಈ ಗ್ರಂಥವನ್ನು ಅನುವಾದಿಸಿ ಇಂದಿನ ಓದುಗರಿಗೆ ಸುಲಭವಾಗಿ ದೊರೆಯುವಂತೆ ಮಾಡಿದರು.

ನಾಟ್ಯಶಾಸ್ತ್ರವು ಮಾಗಧಿ, ಆವಂತಿ, ಪ್ರಾಚ್ಯ, ಶೌರಸೇನಿ, ಅರ್ಧಮಾಗಧಿ, ಬಾಹ್ಲಿಕ, ದಾಕ್ಷಿಣಾತ್ಯ ಎಂದು ಏಳು ಪ್ರಾದೇಶಿಕ ಭಾಷೆಗಳನ್ನು ಹೆಸರಿಸಿ, ಯಾವ ಪಾತ್ರಕ್ಕೆ ಯಾವ ಭಾಷೆ ಎಂದು ಗೊತ್ತುಪಡಿಸುತ್ತದೆ. ಈ ವಿಂಗಡಣೆಯಲ್ಲಿ ಒಂದು ತೊಡಕೂ ಇದೆ. ಸಂಸ್ಕೃತ ನಾಟಕಗಳಲ್ಲಿ ರಾಜ ಮತ್ತು ಮಂತ್ರಿ ಸಂಸ್ಕೃತವನ್ನಾಡಿದರೆ ಸ್ತ್ರೀಯರು, ಸೇವಕರು, ವಿದೂಷಕ ಪ್ರಾಕೃತವನ್ನಾಡುತ್ತಾರೆ. ನುಡಿಯು ಊರಿನ ಗುರುತಾಗಿರುವುದರ ಜೊತೆಗೆ ಅಂತಸ್ತಿನ ಗುರುತೂ ಆಯಿತು. ನಾಯಕನಿಗೆ ಗ್ರಾಂಥಿಕ ಭಾಷೆ, ನಗಿಸುವವನಿಗೆ ಹಳ್ಳಿಯ ಮಾತು ಎಂಬ ರೂಢಿ ಆಧುನಿಕ ರಂಗಭೂಮಿಯಲ್ಲಿಯೂ ಚಲನಚಿತ್ರಗಳಲ್ಲಿಯೂ ಬಹುಕಾಲ ಮುಂದುವರಿಯಿತು. ತಮ್ಮ ಮಾತು ನಗುವುದಕ್ಕೆ ಮಾತ್ರ ಯೋಗ್ಯವೆಂಬ ಭಾವನೆ ಆ ನುಡಿಯ ಜನರಲ್ಲಿಯೇ ಬೇರೂರಲು ಇದೂ ಒಂದು ಕಾರಣ.

ಕನ್ನಡದಲ್ಲಿ ನುಡಿಭೇದಗಳ ಅರಿವು ಬಹು ಹಳೆಯದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸರಗೊಳ್ಳುತ್ತಾನೆ ಎಂಬ ಅಭಿಪ್ರಾಯವನ್ನು ಸೂಚಿಸುತ್ತದೆ. 2011ರ ಜನಗಣತಿಯ ಪ್ರಕಾರ ಸುಮಾರು 4.37 ಕೋಟಿ ಜನರ ಮಾತೃಭಾಷೆಯಾಗಿದ್ದ ಕನ್ನಡದಲ್ಲಿ ಈ ವೈವಿಧ್ಯ ಇಂದಿಗೂ ಕುಂದಿಲ್ಲ.

ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಳೆಯು ಈ ಸಂದರ್ಭದಲ್ಲಿ ಗಮನಾರ್ಹ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಯೇ ಪ್ರಸಂಗದ ಪದ್ಯಗಳಿಗೆ ಆಶುವಾಗಿ ಅರ್ಥ ಹೇಳುತ್ತಾರೆ. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡುವವರು ಇಲ್ಲಿ ಗ್ರಾಂಥಿಕ ಕನ್ನಡದಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಕೂಟ ಮುಗಿದ ಕೂಡಲೇ ತಮ್ಮ ಮನೆಮಾತಿಗೆ ಮರಳುತ್ತಾರೆ. ಒಂದು ನಾಲಗೆ ಮತ್ತೊಂದನ್ನು ಕಳೆದುಕೊಳ್ಳದೆ ಎರಡು ನುಡಿಗಳಲ್ಲಿ ಸಮರ್ಥವಾಗಿರಬಲ್ಲುದು ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ಬೇಕಾಗಿಲ್ಲ.

ಆಡುನುಡಿಗೂ ನಿಯಮವುಂಟು

ಆಡುನುಡಿ ಎಂದರೆ ಶುದ್ಧ ಭಾಷೆಯ ಕೆಟ್ಟ ರೂಪ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ಪ್ರತಿಯೊಂದು ಆಡುನುಡಿಗೂ ತನ್ನದೇ ಆದ ನಿಯಮಗಳಿವೆ. ಧಾರವಾಡದ ಕಡೆ ‘ಮನೆ’ ಎಂಬುದು ‘ಮನಿ’, ‘ತಲೆ’ ಎಂಬುದು ‘ತಲಿ’ ಆಗುತ್ತದೆ. ಆದರೆ ‘ಬರುತ್ತಾನೆ’ ಎಂಬುದು ‘ಬರ್ತಾನ’ ಆಗುತ್ತದೆ. ಎಂದರೆ ನಾಮಪದದ ಕೊನೆಯ ಎಕಾರ ಇಕಾರವಾದರೆ ಕ್ರಿಯಾಪದದ ಕೊನೆಯ ಎಕಾರ ಅಕಾರವಾಗುತ್ತದೆ. ಈ ನಿಯಮವನ್ನು ಅರಿಯದ ನಟ ಎಲ್ಲ ಪದಗಳ ಕೊನೆಗೂ ಇಕಾರವನ್ನು ಸೇರಿಸಿ ಮಾತನಾಡಿದಾಗ ಹುಬ್ಬಳ್ಳಿಯ ಪ್ರೇಕ್ಷಕನಿಗೆ ಅದು ಅಣಕವಾಗಿ ಕೇಳಿಸುತ್ತದೆ. ಹಾಗೆಯೇ ಹಳೆಯ ಮೈಸೂರಿನ ಗ್ರಾಮಗಳಲ್ಲಿ ಪದದ ಆದಿಯ ಹಕಾರ ಬಿದ್ದುಹೋಗಿ ‘ಹಾಲು’ ಎಂಬುದು ‘ಆಲು’, ‘ಹೋಗು’ ಎಂಬುದು ‘ಓಗು’ ಎಂದಾಗುತ್ತದೆ. ಇವು ಅಡ್ಡಾದಿಡ್ಡಿಯಾಗಿ ಆಗುವ ತಪ್ಪುಗಳಲ್ಲ. ಕ್ರಮಬದ್ಧವಾಗಿ ನಡೆಯುವ ವ್ಯತ್ಯಾಸಗಳು.

ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ನಂಜನಗೂಡು, ತಿಪಟೂರು, ಗುಲ್ಬರ್ಗ ಮೊದಲಾದ ಪ್ರದೇಶಗಳ ಕನ್ನಡವನ್ನು ಕುರಿತು ವರ್ಣನಾತ್ಮಕ ಅಧ್ಯಯನಗಳನ್ನು ಪ್ರಕಟಿಸಿತು. ಭಾಷಾವಿಜ್ಞಾನಿಗಳಿಗಾಗಿ ರಚಿತವಾದ ಇಂಥ ಗ್ರಂಥಗಳು ರಂಗ ತರಬೇತುದಾರರಿಗೂ ಅಮೂಲ್ಯ ಆಕರಗಳಾಗಿವೆ.

ಇಂದಿರಾಪುರಂ ಇರುವ ಪ್ರದೇಶದ ಆಡುನುಡಿಯೂ ಕುತೂಹಲಕರವಾಗಿದೆ. ಮೀರತ್, ಗಾಜಿಯಾಬಾದ್ ಸುತ್ತಿನ ಈ ನುಡಿಯನ್ನು ಖಡೀಬೋಲಿ ಅಥವಾ ಕೌರವಿ ಎನ್ನುತ್ತಾರೆ. ಇಂದಿನ ಶಿಷ್ಟ ಹಿಂದಿಗೆ ಆಧಾರವಾದುದು ಇದೇ ಖಡೀಬೋಲಿ. ಆದರೂ ಗ್ರಾಮಸ್ಥರು ‘ರೋಟಿ’ಯನ್ನು ‘ರೋಟ್ಟಿ’ ಎಂದಾಗ, ‘ಬೇಟಾ’ ಎನ್ನುವಲ್ಲಿ ‘ಬೇಟ್ಟಾ’ ಎಂದಾಗ, ‘ಪಾನೀ’ಯನ್ನು ‘ಪಾಣೀ’ ಎಂದಾಗ ನಗರವಾಸಿಗಳು ಅದನ್ನು ಒರಟೆಂದು ಭಾವಿಸುತ್ತಾರೆ. ಯಾವ ನೆಲದಿಂದ ಶಿಷ್ಟ ಭಾಷೆ ಮೂಡಿತೋ ಆ ನೆಲದ ಜನರೇ ತಮ್ಮ ಮಾತಿಗಾಗಿ ಸಂಕೋಚಪಡಬೇಕಾದ ಪ್ರಸಂಗವಿದು. ಇನ್ನೊಂದು ವಿಶೇಷವೂ ಉಂಟು. ಶಿಷ್ಟ ಹಿಂದಿಯಲ್ಲಿಲ್ಲದ ಳಕಾರವು ಈ ಆಡುನುಡಿಯಲ್ಲಿದೆ. ಕನ್ನಡದ ಮಗು ಯಾವ ಅಕ್ಷರವನ್ನು ಶಾಲೆಯ ಹಿಂದಿಯ ಪ್ರಭಾವದಿಂದ ಮರೆಯುತ್ತಿದೆಯೋ ಅದೇ ಅಕ್ಷರ ಅಕ್ಕಪಕ್ಕದ ಹಳ್ಳಿಯವರ ನಾಲಗೆಯ ಮೇಲೆ ಜೀವಂತವಾಗಿದೆ.

ತರಬೇತಿಯ ವಿಧಾನ

ನುರಿತ ತರಬೇತುದಾರರು ಒಂದು ಆಡುನುಡಿಯನ್ನು ಕಲಿಸುವಾಗ ಕೆಲವು ಹಂತಗಳನ್ನು ಅನುಸರಿಸುತ್ತಾರೆ. ಮೊದಲ ಹಂತ ಆಲಿಸುವುದು. ಆ ಊರಿನ ಹಿರಿಯರು, ಹೆಂಗಸರು, ಯುವಕರು ಸಹಜವಾಗಿ ಆಡಿದ ಮಾತುಗಳನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಲಾಗುತ್ತದೆ. ಎರಡನೆಯದಾಗಿ, ಅದನ್ನು ಕೇಳಿದಂತೆಯೇ ಬರೆದುಕೊಂಡು ಶಿಷ್ಟ ರೂಪದಿಂದ ಅದು ಎಲ್ಲೆಲ್ಲಿ ಬೇರೆಯಾಗುತ್ತದೆ ಎಂಬ ನಿಯಮಗಳನ್ನು ಗುರುತಿಸಲಾಗುತ್ತದೆ. 1886ರಲ್ಲಿ ಭಾಷಾಶಿಕ್ಷಕರು ಕೂಡಿ ಸ್ಥಾಪಿಸಿದ ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಘದ ಲಿಪಿಯನ್ನು ಇದಕ್ಕೆ ಬಳಸುವುದುಂಟು. ಕನ್ನಡ ಲಿಪಿಗೇ ಕೆಲವು ಗುರುತುಗಳನ್ನು ಸೇರಿಸಿಕೊಂಡು ಕೆಲಸ ಸಾಗಿಸುವುದೂ ಉಂಟು.

ಮೂರನೆಯ ಹಂತದಲ್ಲಿ ಮಾತಿನ ಲಯವನ್ನು ಗಮನಿಸಬೇಕಾಗುತ್ತದೆ. ವಾಕ್ಯ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಯಾವ ಪದವನ್ನು ಎಳೆಯಲಾಗುತ್ತದೆ ಎಂಬುದು ಅಕ್ಷರಗಳಿಗಿಂತಲೂ ಬೇಗನೆ ಊರನ್ನು ಸೂಚಿಸುತ್ತದೆ. ನಾಲ್ಕನೆಯದಾಗಿ ನಟರು ಸಂಭಾಷಣೆಯನ್ನು ಬಿಟ್ಟು, ಸಂತೆಯ ವ್ಯಾಪಾರ, ಬಸ್ಸಿನ ಮಾತುಕತೆ ಮುಂತಾದ ಸನ್ನಿವೇಶಗಳನ್ನು ಆ ನುಡಿಯಲ್ಲಿಯೇ ಆಶುವಾಗಿ ಆಡಬೇಕು. ಬಾಯಿಪಾಠದ ನುಡಿ ಭಾವಾವೇಶದ ಸಮಯದಲ್ಲಿ ಕಳಚಿಬೀಳುತ್ತದೆ. ಆಡಿ ರೂಢಿಯಾದ ನುಡಿ ಮಾತ್ರ ಉಳಿಯುತ್ತದೆ. ಕೊನೆಯ ಹಂತದಲ್ಲಿ ಆ ಊರಿನವರೇ ಒಬ್ಬರು ತಾಲೀಮಿಗೆ ಬಂದು ಕೇಳಿ ತಿದ್ದುವುದು ಒಳ್ಳೆಯದು. ಇತರ ಪ್ರದೇಶದ ಪ್ರೇಕ್ಷಕರಿಗೂ ಅರ್ಥವಾಗುವಂತೆ ಕೆಲವು ರೂಪಗಳನ್ನು ತಿಳಿಗೊಳಿಸಬೇಕೆ ಎಂಬುದನ್ನು ನಿರ್ದೇಶಕರೊಡನೆ ಚರ್ಚಿಸಿ ನಿರ್ಧರಿಸಲಾಗುತ್ತದೆ.

ವಿದೇಶಗಳಲ್ಲಿ ಇದು ಪ್ರತ್ಯೇಕ ವೃತ್ತಿಯಾಗಿ ಬೆಳೆದಿದೆ. ಇಂಗ್ಲೆಂಡಿನ ರಾಯಲ್ ಷೇಕ್ಸ್‌ಪಿಯರ್ ಕಂಪನಿಯು 1969ರಲ್ಲಿ ಸಿಸಿಲಿ ಬೆರಿ ಅವರನ್ನು ಧ್ವನಿ ನಿರ್ದೇಶಕಿಯಾಗಿ ನೇಮಿಸಿಕೊಂಡಿತು. ನಮ್ಮಲ್ಲಿ ಈ ಕಾರ್ಯವನ್ನು ಬಹುಮಟ್ಟಿಗೆ ನಿರ್ದೇಶಕರೇ ನಿರ್ವಹಿಸುತ್ತ ಬಂದಿದ್ದಾರೆ. ಇತ್ತೀಚಿನ ದಶಕಗಳಲ್ಲಿ ಚಲನಚಿತ್ರ ಕ್ಷೇತ್ರದಲ್ಲಿ ಇದಕ್ಕಾಗಿಯೇ ತರಬೇತುದಾರರನ್ನು ನಿಯೋಜಿಸುವ ಪದ್ಧತಿ ಬೆಳೆಯುತ್ತಿದೆ. 2016ರ ‘ದಂಗಲ್’ ಚಿತ್ರಕ್ಕಾಗಿ ಅದರ ನಟರು ಹರಿಯಾಣದ ನುಡಿಯನ್ನು ಅಭ್ಯಾಸ ಮಾಡಿದರು. ಕನ್ನಡದಲ್ಲಿ ‘ತಿಥಿ’ ಚಿತ್ರವು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮದ ಜನರನ್ನೇ ನಟರನ್ನಾಗಿಸಿಕೊಂಡು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಹಳ್ಳಿಯ ಮಾತು ನಗೆಗಷ್ಟೇ ಸಲ್ಲುತ್ತದೆ ಎಂಬ ಹಳೆಯ ರೂಢಿ ಸಡಿಲವಾಗುತ್ತಿರುವುದರ ಸೂಚನೆ ಇದು.

ಎರಡು ನಿದರ್ಶನಗಳು

ನುಡಿಯನ್ನು ಅಳಿಸದೆ ಬೆಳೆಸುವ ಈ ಮಾರ್ಗಕ್ಕೆ ಭಾರತೀಯ ರಂಗಭೂಮಿಯಲ್ಲಿ ಎರಡು ನಿದರ್ಶನಗಳನ್ನು ವಿಶೇಷವಾಗಿ ಉಲ್ಲೇಖಿಸಬಹುದು. ಮೊದಲನೆಯದು ಹಬೀಬ್ ತನ್ವೀರ್ ಅವರದು. 1959ರಲ್ಲಿ ‘ನಯಾ ಥಿಯೇಟರ್’ ಸ್ಥಾಪಿಸಿದ ಅವರು ಛತ್ತೀಸಗಢದ ಜಾನಪದ ನಟರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಆರಂಭದಲ್ಲಿ ಅವರಿಂದ ಹಿಂದಿಯಲ್ಲಿ ಅಭಿನಯ ಮಾಡಿಸಲು ಯತ್ನಿಸಿದರು. ತಮ್ಮ ಊರಿನಲ್ಲಿ ಸಾವಿರಾರು ಜನರನ್ನು ಹಿಡಿದಿಡುತ್ತಿದ್ದ ಆ ನಟರು ಪರಕೀಯ ನುಡಿಯಲ್ಲಿ ಕಟ್ಟಿಹಾಕಿದವರಂತಾದರು. ದೋಷವಿರುವುದು ನಟರಲ್ಲಲ್ಲ, ತಮ್ಮ ವಿಧಾನದಲ್ಲಿ ಎಂಬುದನ್ನು ಮನಗಂಡ ತನ್ವೀರ್ ಅವರನ್ನು ಛತ್ತೀಸಗಢಿಯಲ್ಲಿಯೇ ಮಾತನಾಡಲು ಬಿಟ್ಟರು. ಹಾಗೆ ರೂಪುಗೊಂಡ ‘ಚರಣದಾಸ್ ಚೋರ್’ ನಾಟಕವು 1982ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಪುರಸ್ಕಾರ ಗಳಿಸಿತು.

ಎರಡನೆಯದು ಕನ್ನಡಿಗರಾದ ಬಿ. ವಿ. ಕಾರಂತರದು. 1929ರಲ್ಲಿ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಜನಿಸಿದ ಕಾರಂತರು ತುಳು ಮತ್ತು ಕನ್ನಡ ಬೆರೆತ ನಾಡಿನಿಂದ ಹೊರಟು ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು. ಮುಂದೆ ಕಾಶಿಯಲ್ಲಿ ಹಿಂದಿಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅಭ್ಯಾಸ ಮಾಡಿದರು. 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಬೆಂಗಳೂರಿಗೆ ಮರಳಿ 1972ರಲ್ಲಿ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ನಿರ್ದೇಶಿಸಿದರು. ಬೆಳಗಾವಿ ಕಡೆಯ ಜನಪದ ಕನ್ನಡವು ರಾಜಧಾನಿಯ ರಂಗದ ಮೇಲೆ ಸಮಸ್ತ ನಾಟಕದ ನುಡಿಯಾಗಿ ಮೊಳಗಿತು. 1977ರಲ್ಲಿ ಅವರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1979ರಲ್ಲಿ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ರಘುವೀರ ಸಹಾಯರ ಹಿಂದಿ ಅನುವಾದದಲ್ಲಿ, ಯಕ್ಷಗಾನದ ನಡೆಯಲ್ಲಿ ‘ಬರ್ನಮ್ ವನ’ ಎಂಬ ಹೆಸರಿನಿಂದ ಪ್ರಯೋಗಿಸಿದರು. ಬಳಿಕ ಭೋಪಾಲದ ಭಾರತ ಭವನದ ರಂಗಮಂಡಲದಲ್ಲಿ ಬುಂದೇಲಿ, ಮಾಳವಿ, ಛತ್ತೀಸಗಢಿ ನುಡಿಗಳಲ್ಲಿಯೂ ನಾಟಕಗಳನ್ನು ಆಡಿಸಿದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಸ್ಥಾಪನೆಯಾದಾಗ ಅದರ ಮೊದಲ ನಿರ್ದೇಶಕರಾದರು. ಕರಾವಳಿಯ ಬಾಲಕನೊಬ್ಬ ಹಿಂದಿ ರಂಗಭೂಮಿಯ ಅತ್ಯುನ್ನತ ಸ್ಥಾನವನ್ನು ತಲುಪಿದುದು ತನ್ನ ನೆಲದ ನುಡಿ ಮತ್ತು ಲಯಗಳನ್ನು ಮರೆತಲ್ಲ. ಅವುಗಳನ್ನು ಜೊತೆಗೆ ಕೊಂಡೊಯ್ದು.

ಶಾಲೆಯಲ್ಲಿ ಈ ವಿದ್ಯೆ

ರಂಗಭೂಮಿಯ ಈ ಅನುಭವವನ್ನು ಶಾಲೆಗೆ ಒಯ್ಯುವ ಪ್ರಯತ್ನಗಳು ನಮ್ಮ ದೇಶದಲ್ಲಿ ನಡೆದಿವೆ. ರಾಷ್ಟ್ರೀಯ ನಾಟಕ ಶಾಲೆಯು 1989ರಲ್ಲಿ ‘ಸಂಸ್ಕಾರ ರಂಗ ಟೋಲಿ’ ಎಂಬ ಶಿಕ್ಷಣ ರಂಗ ತಂಡವನ್ನು ಆರಂಭಿಸಿತು. ಮಕ್ಕಳಿಗಾಗಿ ನಾಟಕಗಳನ್ನಾಡುವುದರ ಜೊತೆಗೆ ಮಕ್ಕಳೊಡನೆ ಕಾರ್ಯಾಗಾರಗಳನ್ನು ನಡೆಸುವುದೂ ಇದರ ಉದ್ದೇಶವಾಗಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವೆಂದು ಪರಿಗಣಿಸಬೇಕೆಂದು ಹೇಳಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾತೃಭಾಷೆಗೂ ಕಲೆಗಳನ್ನು ಬೋಧನೆಯೊಂದಿಗೆ ಸಮನ್ವಯಗೊಳಿಸುವುದಕ್ಕೂ ಮಹತ್ವ ನೀಡಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದವು ನಿರ್ದೇಶಿಸುತ್ತದೆ. 1956ರ ಏಳನೆಯ ತಿದ್ದುಪಡಿಯ ಮೂಲಕ ಇದನ್ನು ಸೇರಿಸಲಾಯಿತು.

ಇಂದಿರಾಪುರಂನಂಥ ಬಡಾವಣೆಯ ತರಗತಿಯಲ್ಲಿ ಶಿಕ್ಷಕರು ಮಾಡಬಹುದಾದ ಕೆಲಸ ಸರಳವಾದುದು. ತಪ್ಪು ಉಚ್ಚಾರಣೆಯನ್ನು ಎಲ್ಲರೆದುರು ತಿದ್ದುವುದಕ್ಕೆ ಬದಲಾಗಿ, ವ್ಯತ್ಯಾಸವನ್ನೇ ಆಟವನ್ನಾಗಿ ಮಾಡಬಹುದು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಕಾನಾ’ ಮತ್ತು ‘ಖಾನಾ’ ಎಂದು ಹೇಳಿದರೆ ಎರಡನೆಯದರಲ್ಲಿ ಉಸಿರು ಅಂಗೈಗೆ ತಗಲುತ್ತದೆ. ಮಹಾಪ್ರಾಣವೆಂದರೆ ಏನೆಂಬುದನ್ನು ಮಗು ವ್ಯಾಕರಣವಿಲ್ಲದೆ ತನ್ನ ಕೈಯಿಂದಲೇ ತಿಳಿಯುತ್ತದೆ. ಅದೇ ತರಗತಿಯಲ್ಲಿ ಕನ್ನಡದ ಮಗು ‘ಕಲೆ’ ಮತ್ತು ‘ಕಳೆ’ ಎಂಬ ಪದಗಳನ್ನು ಹೇಳಿ, ನಾಲಗೆಯ ತುದಿ ಮೊದಲನೆಯದರಲ್ಲಿ ಹಲ್ಲಿನ ಬುಡಕ್ಕೂ ಎರಡನೆಯದರಲ್ಲಿ ಹಿಂದಕ್ಕೆ ಮಡಿಚಿ ಅಂಗಳಕ್ಕೂ ತಾಗುವುದನ್ನು ಗೆಳೆಯರಿಗೆ ಕಲಿಸಬಹುದು. ಆಗ ಗುರು ಯಾರು, ಶಿಷ್ಯ ಯಾರು ಎಂಬುದು ದಿನಕ್ಕೊಮ್ಮೆ ಬದಲಾಗುತ್ತದೆ. ನಗುವ ತರಗತಿ ಕಲಿಯುವ ತರಗತಿಯಾಗುತ್ತದೆ.

ಮನೆಯಲ್ಲಿ ತಂದೆತಾಯಿಗಳು ಗಮನಿಸಬೇಕಾದ ಅಂಶಗಳೂ ಕೆಲವಿವೆ. ಹಿಂದಿಯ ವಾತಾವರಣದಲ್ಲಿ ಬೆಳೆಯುವ ಮಗು ಕನ್ನಡದಲ್ಲಿ ಸಾಮಾನ್ಯವಾಗಿ ಮೂರು ಕಡೆ ಎಡವುತ್ತದೆ. ಪದದ ಕೊನೆಯ ಸ್ವರವನ್ನು ನುಂಗಿ ‘ಮರ’ವನ್ನು ‘ಮರ್’ ಎನ್ನುತ್ತದೆ. ಹ್ರಸ್ವ ಮತ್ತು ದೀರ್ಘ ಎಕಾರ, ಒಕಾರಗಳನ್ನು ಬೆರೆಸಿ ‘ಬೆಳೆ’ಯನ್ನು ‘ಬೇಳೆ’ಯಾಗಿಯೂ ‘ಕೊಡು’ವನ್ನು ‘ಕೋಡು’ವಾಗಿಯೂ ಹೇಳುತ್ತದೆ. ಮೂರನೆಯದು ಆಗಲೇ ಹೇಳಿದ ಳಕಾರದ ತೊಂದರೆ. ಇವು ಮಗುವಿನ ಅಲಕ್ಷ್ಯದಿಂದ ಆಗುವ ತಪ್ಪುಗಳಲ್ಲ. ಎರಡು ಭಾಷೆಗಳ ಧ್ವನಿವ್ಯವಸ್ಥೆ ಬೇರೆಯಾಗಿರುವುದರ ಪರಿಣಾಮ. ಪದೇ ಪದೇ ತಿದ್ದುವುದಕ್ಕಿಂತ ಶಿಶುಪ್ರಾಸ, ಒಗಟು, ಕಥೆ, ಚಿಕ್ಕ ಸಂಭಾಷಣೆಗಳ ಮೂಲಕ ಸರಿಯಾದ ರೂಪವನ್ನು ಮತ್ತೆ ಮತ್ತೆ ಕೇಳಿಸುವುದು ಹೆಚ್ಚು ಫಲಕಾರಿ. ತಂದೆಯ ‘ಮನಿ’ಯೂ ತಾಯಿಯ ‘ಮನೆ’ಯೂ ಎರಡೂ ಸರಿಯೆಂದು ಮಗುವಿಗೆ ತಿಳಿಸುವುದು ಮೊದಲ ಪಾಠವಾಗಬೇಕು.

ಧ್ವನಿಯ ಆರೈಕೆ

ನುಡಿ ಎಷ್ಟೇ ಸೊಗಸಾಗಿದ್ದರೂ ಧ್ವನಿ ಕೆಟ್ಟರೆ ಪ್ರಯೋಜನವಿಲ್ಲ. ಶ್ವಾಸಕೋಶದಿಂದ ಹೊರಡುವ ಗಾಳಿ ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳನ್ನು ಕಂಪಿಸುವಂತೆ ಮಾಡುತ್ತದೆ. ಸಹಜ ಮಾತಿನಲ್ಲಿ ಇವು ಪುರುಷರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಸ್ತ್ರೀಯರಲ್ಲಿ ಸುಮಾರು 200 ಬಾರಿ ಕಂಪಿಸುತ್ತವೆ. ಗಂಟೆಗಟ್ಟಲೆ ಮಾತನಾಡುವ ಶಿಕ್ಷಕರ ಧ್ವನಿತಂತುಗಳು ದಿನವೊಂದಕ್ಕೆ ಲಕ್ಷಾಂತರ ಬಾರಿ ಒಂದನ್ನೊಂದು ತಾಗುತ್ತವೆ. ಕೂಗುವಾಗ ಈ ಘರ್ಷಣೆ ತೀವ್ರವಾಗುತ್ತದೆ. ಬಹುಕಾಲ ಹೀಗೆಯೇ ನಡೆದರೆ ತಂತುಗಳ ಮೇಲೆ ಗಂಟುಗಳು ಉಂಟಾಗಿ ಧ್ವನಿ ಒಡೆಯಬಹುದು. ಶಿಕ್ಷಕ ವೃತ್ತಿಯವರಲ್ಲಿ ಧ್ವನಿಯ ತೊಂದರೆಗಳು ಹೆಚ್ಚಾಗಿ ಕಂಡುಬರುವುದಕ್ಕೆ ಇದೇ ಕಾರಣ.

ಪರಿಹಾರ ಕಷ್ಟಸಾಧ್ಯವಲ್ಲ. ಹೆಗಲು ಎತ್ತದೆ, ವಪೆಯು ಕೆಳಗಿಳಿದು ಹೊಟ್ಟೆ ಹಿಗ್ಗುವಂತೆ ಉಸಿರು ತೆಗೆದುಕೊಳ್ಳುವುದನ್ನು ಮೊದಲು ರೂಢಿಸಿಕೊಳ್ಳಬೇಕು. ಮಾತಿಗೆ ಬಲ ಬರಬೇಕಾದುದು ಗಂಟಲಿನಿಂದಲ್ಲ, ಉಸಿರಿನಿಂದ. ಪಾಠ ಅಥವಾ ಪ್ರಯೋಗಕ್ಕೆ ಮುಂಚೆ ಬಾಯಿ ಮುಚ್ಚಿಕೊಂಡು ಮೆಲ್ಲಗೆ ಹೂಂಕರಿಸುವ ಅಭ್ಯಾಸ ಮಾಡಿದರೆ ತಂತುಗಳು ಹದಗೊಳ್ಳುತ್ತವೆ. ಆಗಾಗ ನೀರು ಕುಡಿಯಬೇಕು. ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸವನ್ನು ಬಿಡಬೇಕು. ತರಗತಿಯ ಗದ್ದಲದ ಮೇಲೆ ಕೂಗುವುದಕ್ಕೆ ಬದಲಾಗಿ ಚಪ್ಪಾಳೆಯಂಥ ಸಂಜ್ಞೆಯನ್ನು ಬಳಸಬಹುದು. ದೆಹಲಿ ಸುತ್ತಿನ ಪ್ರದೇಶದಲ್ಲಿ ಚಳಿಗಾಲದ ಹೊಗೆಮಂಜು ಮತ್ತು ಬೇಸಿಗೆಯ ಒಣ ಬಿಸಿಗಾಳಿ ಗಂಟಲಿಗೆ ಹಾನಿಕರವಾದುದರಿಂದ ಆ ದಿನಗಳಲ್ಲಿ ಬಯಲಿನಲ್ಲಿ ಧ್ವನಿ ಅಭ್ಯಾಸ ಮಾಡದಿರುವುದು ಲೇಸು. ಧ್ವನಿ ಕಟ್ಟಿದ್ದು ಮೂರು ವಾರಗಳಾದರೂ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಲೇಬೇಕು.

ಕಲಿಯುವ ಅವಕಾಶಗಳು

ಈ ಕ್ಷೇತ್ರಕ್ಕೆ ಬರಬಯಸುವವರಿಗೆ ಒಂದೇ ಮಾರ್ಗವೆಂಬುದಿಲ್ಲ. 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷಗಳ ವ್ಯಾಸಂಗದಲ್ಲಿ ಧ್ವನಿ ಮತ್ತು ಮಾತಿನ ಅಭ್ಯಾಸಕ್ಕೆ ಸ್ಥಾನವಿದೆ. ಈ ಶಾಲೆಯ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಕಟ್ಟಿ ಬೆಳೆಸಿದ ನೀನಾಸಂ ಸಂಸ್ಥೆಯು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿತು. 1985ರಿಂದ ಅದರ ‘ತಿರುಗಾಟ’ ತಂಡವು ಊರೂರು ಸುತ್ತಿ ನಾಟಕಗಳನ್ನಾಡುತ್ತ ಬಂದಿದೆ. ಭಾಷೆಗಳ ಅಧ್ಯಯನಕ್ಕೆ 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನವೂ, ಧ್ವನಿ ಮತ್ತು ಮಾತಿನ ವೈಜ್ಞಾನಿಕ ಅಧ್ಯಯನ ಹಾಗೂ ಚಿಕಿತ್ಸೆಗೆ ಅದೇ ನಗರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಪ್ರಮುಖ ಕೇಂದ್ರಗಳಾಗಿವೆ.

ಈ ವೃತ್ತಿಯಲ್ಲಿ ನಿಶ್ಚಿತ ವೇತನದ ಹುದ್ದೆಗಳು ವಿರಳ. ಬಹುಮಂದಿ ನಾಟಕ ತಂಡ, ಶಾಲೆ, ಆಕಾಶವಾಣಿ, ಚಲನಚಿತ್ರದ ಧ್ವನಿಲೇಪನ ಇವುಗಳಲ್ಲಿ ಬಿಡಿಬಿಡಿಯಾಗಿ ಕೆಲಸ ಮಾಡುತ್ತಾರೆ. ತೀಕ್ಷ್ಣವಾದ ಕಿವಿ, ಎಲ್ಲ ನುಡಿಗಳ ಬಗ್ಗೆ ಗೌರವ, ಕಲಿಯುವವರ ಮುಜುಗರವನ್ನು ಅರಿಯುವ ತಾಳ್ಮೆ ಈ ಮೂರೂ ಇಲ್ಲಿ ಪದವಿಪತ್ರದಷ್ಟೇ ಅವಶ್ಯಕ.

2011ರಲ್ಲಿ ವೈಶಾಲಿಯವರೆಗೆ ಮೆಟ್ರೊ ರೈಲು ಬಂದ ಮೇಲೆ ಇಂದಿರಾಪುರಂ ನಿವಾಸಿಗಳಿಗೆ ದೆಹಲಿಯ ಮಂಡಿ ಹೌಸ್ ಸಮೀಪವಾಗಿದೆ. ಆ ನಿಲ್ದಾಣದ ಸುತ್ತಲೇ ರಾಷ್ಟ್ರೀಯ ನಾಟಕ ಶಾಲೆಯೂ ಹಲವು ರಂಗಮಂದಿರಗಳೂ ಇವೆ. ಕನ್ನಡ ಕುಟುಂಬಗಳಿಗೆ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಗಳೂ ಉಂಟು. ಮಕ್ಕಳನ್ನು ನಾಟಕಕ್ಕೆ ಕರೆದೊಯ್ಯುವುದು, ಅವರಿಂದ ಒಂದು ಚಿಕ್ಕ ನಾಟಕವನ್ನಾದರೂ ಆಡಿಸುವುದು ಯಾವುದೇ ಭಾಷಾಪಾಠಕ್ಕೆ ಕಡಿಮೆಯದಲ್ಲ. ಏಕೆಂದರೆ ರಂಗದ ಮೇಲೆ ಮಗು ಅಜ್ಜಿಯ ಪಾತ್ರವನ್ನು ವಹಿಸಿ ಅಜ್ಜಿಯಂತೆಯೇ ಮಾತನಾಡಬೇಕಾಗುತ್ತದೆ. ಹಾಗೆ ಮಾತನಾಡಬೇಕಾದರೆ ಮೊದಲು ಅಜ್ಜಿಯ ಮಾತನ್ನು ಗಮನವಿಟ್ಟು ಕೇಳಬೇಕಾಗುತ್ತದೆ. ಇನ್ನೊಬ್ಬರ ನುಡಿಯನ್ನು ನಗದೆ ಆಲಿಸುವ ಈ ಅಭ್ಯಾಸವೇ ಧ್ವನಿ ಮತ್ತು ಆಡುನುಡಿಯ ತರಬೇತಿಯ ಮೊದಲ ಮೆಟ್ಟಿಲು. ಹಲವು ನುಡಿಗಳು ಒಂದೇ ಮೆಟ್ಟಿಲಸಾಲಿನಲ್ಲಿ ಭೇಟಿಯಾಗುವ ನಮ್ಮ ನಗರಗಳಲ್ಲಿ ನೆರೆಹೊರೆಯ ಸೌಹಾರ್ದಕ್ಕೂ ಅದು ಬುನಾದಿಯಾಗಬಲ್ಲುದು.